ಗಾಡಿಯ ಹಿಂದೊಂದು ಕಾರು

ಹೋದ ಸಲ ಈ ಅಂಕಣದಲ್ಲಿ ಮಗಳ ಮನೆಯವರ ಮೋಟರ್‌ಹೋಮ್‌ನಲ್ಲಿ ಅಡುಗೆ ಮಾಡಿದ ಕಥೆ ಬರೆಯುವಾಗ, 'ಹಿಂದೆ ಕಾರು ಕಟ್ಟಿಕೊಂಡು ಹೋದೆವು' ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆ. ಅಡುಗೆ ಬಗ್ಗೆ ಕೇಳಿದವರು ಇಬ್ಬರು. ಕಾರಿನ ಬಗ್ಗೆ ಕೇಳಿದವರೇ ಜಾಸ್ತಿ! ಹಂಪಿನಗರದ ಲೈಬ್ರರಿ ಮುಂದೆ ಸಿಕ್ಕ ಹಿರಿಯರೊಬ್ಬರಂತೂ ನನ್ನನ್ನು ನಿಲ್ಲಿಸಿ, "ನನ್ನ ಮಗನೂ ಟೆಕ್ಸಾಸ್‌ನಲ್ಲಿ ಅಂಥದ್ದೇ ಮನೆಬಸ್ಸು ತಗೊಂಡಿದ್ದಾನಮ್ಮ. ಸೊಸೆ ಕಾರನ್ನೇ ಹಿಂದೆ ಕಟ್ಟಿಕೊಂಡು ಹೊರಡ್ತೀವಿ ಅಂತಿದ್ದಾರೆ. ಸ್ವಲ್ಪ ಬಿಡಿಸಿ ಬರೀರಿ" ಅಂದರು. ಆ ಸೊಸೆಯ ಕಾರಿಗೋಸ್ಕರ ಇವತ್ತಿನ ಅಂಕಣ.

ಮೊದಲು, ಮನೆಯೇ ಚಕ್ರದ ಮೇಲೆ ಇರುವಾಗ ಹಿಂದೆ ಇನ್ನೊಂದು ಕಾರು ಯಾಕೆ ಅಂತ. ನನಗೂ ಇದು ದುಡ್ಡಿನ ಕೊಬ್ಬು ಅಂತಲೇ ಅನ್ನಿಸಿತ್ತು. ಅಳಿಯಂದಿರ ಗಾಡಿ 31 ಅಡಿ ಉದ್ದ, ಹೆಚ್ಚುಕಮ್ಮಿ ನಮ್ಮ ಬಿಎಂಟಿಸಿ ಬಸ್ಸಿನಷ್ಟು. ಕ್ಯಾಂಪಿನ ಜಾಗದಲ್ಲಿ ನಿಲ್ಲಿಸಿ, ನೀರಿನ ಪೈಪು, ಕರೆಂಟು, ಕೊಳಚೆಯ ಪೈಪು ಎಲ್ಲಾ ಜೋಡಿಸಿ ಕೂತ ಮೇಲೆ ಮೊಸರು ಮುಗಿದಿದೆ ಅಂತ ಗೊತ್ತಾದರೆ? ಎಲ್ಲಾ ಬಿಚ್ಚಿ, ಆ ಬಸ್ಸನ್ನೇ ಅಂಗಡಿಗೆ ಓಡಿಸಬೇಕು. ಅದೂ ಹೋಗಲಿ ಅನ್ನೋಣ. ನಾವು ಹೊರಟಿದ್ದು ಮೊಂಟಾನಾ ರಾಜ್ಯದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿಗೆ. ಅಲ್ಲಿ ಬೆಟ್ಟದ ಮೇಲೆ ಹಾದುಹೋಗುವ 'ಗೋಯಿಂಗ್ ಟು ದಿ ಸನ್' ಅನ್ನೋ ರಸ್ತೆ ನೋಡೋದಕ್ಕೇ ಜನ ಹೋಗೋದು. ಆ ರಸ್ತೆಯ ಘಾಟಿ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡೋದಿಲ್ಲ. ಮನೆ ತಗೊಂಡು 1,900 ಕಿಲೋಮೀಟರ್ ಹೋಗಿ, ಬೆಟ್ಟದ ಬುಡದಲ್ಲಿ ಕೂತು ಚಿತ್ರಾನ್ನ ತಿಂದು ವಾಪಸ್ ಬರಬೇಕಾಗ್ತಿತ್ತು.

ಹೀಗೆ ಎಳೆದುಕೊಂಡು ಹೋಗುವ ಕಾರನ್ನು ಅಲ್ಲಿನವರು ತಮಾಷೆಗೆ 'ಟೋಡ್' ಅಂತಾರೆ. ಎಳೆಸಿಕೊಂಡದ್ದು ಅಂತಲೂ ಆಯಿತು, ಕಪ್ಪೆ ಅಂತಲೂ ಆಯಿತು. ನನ್ನ ಕಣ್ಣಿಗೆ ಮಾತ್ರ ಅದು ಕರು. ಚಿಕ್ಕವಳಿದ್ದಾಗ ಮಾಗಡಿ ರಂಗನಾಥಸ್ವಾಮಿಯ ದನಗಳ ಜಾತ್ರೆಗೆ ಹೋಗುವ ಗಾಡಿಗಳ ಹಿಂದೆ ಹಗ್ಗ ಹಾಕಿ ಕಟ್ಟಿದ ಕರುಗಳು ತಮ್ಮ ಪಾಡಿಗೆ ನಡೆದು ಬರ್ತಿದ್ದವಲ್ಲ, ಥೇಟ್ ಹಾಗೆ. ಕಾರೂ ತನ್ನ ನಾಲ್ಕೂ ಚಕ್ರದ ಮೇಲೆ, ಒಳಗೆ ಯಾರೂ ಇಲ್ಲದೆ, ಗಾಡಿಯ ಹಿಂದೆ ಉರುಳಿಕೊಂಡು ಬರುತ್ತೆ. (ಕಾರನ್ನು ಟ್ರೇಲರ್ ಮೇಲೆ ಹತ್ತಿಸಬಹುದು, ಮುಂದಿನ ಎರಡು ಚಕ್ರ ಮಾತ್ರ ಎತ್ತಿ ಡಾಲಿ ಅನ್ನೋ ಪುಟ್ಟ ಗಾಡಿಯ ಮೇಲೆ ಕೂರಿಸಲೂಬಹುದು. ಆದರೆ ಕ್ಯಾಂಪಿನಲ್ಲಿ ಆ ಟ್ರೇಲರ್ ನಿಲ್ಲಿಸೋಕೆ ಇನ್ನೊಂದು ಜಾಗ ಹುಡುಕಬೇಕು. ಅದಕ್ಕೇ ಹೆಚ್ಚಿನವರಿಗೆ ಕರು ಕಟ್ಟುವ ವಿಧಾನವೇ ಇಷ್ಟ.)

ಕರುವಿಗೆ ನಡೆಯೋಕೆ ಬರುತ್ತೆ. ಇಂಜಿನ್ ಆಫ್ ಆಗಿರುವಾಗ ಕಾರಿಗೆ ನಡೆಯೋಕೆ ಬರುತ್ತಾ ಅನ್ನೋದೇ ಇಲ್ಲಿರುವ ಪ್ರಶ್ನೆ.

ಫ್ರೀಮಾಂಟ್‌ನ ಅವರ ಮನೆಯ ಊಟದ ಟೇಬಲ್ಲಿನಲ್ಲಿ ಈ ಮಾತು ಶುರುವಾದಾಗ ಅಳಿಯ ತುಂಬಾ ಸಲೀಸಾಗಿ ಹೇಳಿದರು: "ಹೋಂಡಾ ಸಿಆರ್‌ವಿ ಕಟ್ಟಿಕೊಂಡು ಎಷ್ಟೋ ಜನ ಊರೂರು ಸುತ್ತುತ್ತಾರೆ ಅತ್ತೆ. ನಮ್ಮದೂ ಸಿಆರ್‌ವಿನೇ. ಮುಂದೆ ಒಂದು ಕೊಂಡಿ ಹಾಕಿಸಿದ್ರೆ ಆಯ್ತು." ಅವರ ಕಾರು 2018ರದು. ಮಗಳು ಹೂಂ ಅಂದಳು, ಮೊಮ್ಮಗ ಕುಣಿದ. ನಮ್ಮನೆಯವರು ಮಾತ್ರ ತಟ್ಟೆಯಲ್ಲಿ ಅನ್ನವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸುತ್ತಾ ಕೂತಿದ್ದರು. ಆ ಸರಿಸೋದರ ಅರ್ಥ ನನಗೆ ಗೊತ್ತು.

ಅವರು ಬಿಟಿಎಸ್ ಇದ್ದಾಗ ಡಿಪೋ ವರ್ಕ್‌ಶಾಪಿಗೆ ಸೇರಿ, ಅದು ಬಿಎಂಟಿಸಿ ಆದ ಮೇಲೆ ರಿಟೈರ್ ಆದವರು. ಅಳಿಯನ ಎದುರು ತಾನಾಗಿ ಬಾಯಿ ಬಿಡುವ ಪೈಕಿ ಅಲ್ಲ. ಮದುವೆಯಾಗಿ 11 ವರ್ಷವಾದರೂ 'ಊಟ ಆಯ್ತಾ', 'ಆಫೀಸ್ ಹೇಗಿದೆ' ಬಿಟ್ಟು ಮೂರನೇ ಮಾತಿಲ್ಲ. ಅಳಿಯಂದಿರದೂ ಹಾಗೇ ಅನ್ನಿ. ರಾತ್ರಿ ಮಲಗಿದ ಮೇಲೆ ನನ್ನ ಹತ್ತಿರ ಹೇಳಿದರು: "2006ರ ಸುಮಾರಿಗೆ ನಮ್ಮಲ್ಲಿ ವೋಲ್ವೊ ಬಂತಲ್ಲ, ಆಟೋಮ್ಯಾಟಿಕ್ ಗೇರಿಂದು. ಅದು ದಾರೀಲಿ ಕೆಟ್ಟು ನಿಂತ್ರೆ ಹಾಗೇ ಎಳೆಯೋ ಹಾಗಿರಲಿಲ್ಲ. ಮೊದಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. ಇಂಜಿನ್ ಓಡ್ತಿದ್ರೆ ತಾನೇ ಗೇರ್‌ಬಾಕ್ಸ್ ಒಳಗಿನ ಪಂಪು ಓಡೋದು? ಪಂಪು ಓಡಿದ್ರೆ ತಾನೇ ಆಯಿಲ್ ಹೋಗೋದು? ಇಂಜಿನ್ ಆಫ್ ಮಾಡಿ ಚಕ್ರ ಉರುಳಿಸಿದ್ರೆ ಒಳಗೆ ಎಲ್ಲಾ ಒಣ ಒಣ ತಿರುಗುತ್ತೆ. ಸುಟ್ಟುಹೋಗುತ್ತೆ ಕಣೇ."

"ಹಾಗಾದ್ರೆ ಅವರಿಗೆ ಹೇಳಿ" ಅಂದೆ.

"ಅವರ ಕಾರು, ಅವರ ದುಡ್ಡು. ನಾನ್ಯಾಕೆ?" ಅಂತ ಆ ಕಡೆ ತಿರುಗಿ ಮಲಗಿದರು.

ಬೆಳಗ್ಗೆ ನಾನು ಮಗಳಿಗೆ ಹೇಳಿದೆ. ಅವಳು ಕಾರಿನ ಡ್ಯಾಶ್‌ಬೋರ್ಡ್ ಖಾನೆಯಿಂದ ಅಲ್ಲಿಯವರೆಗೆ ಯಾರೂ ತೆರೆಯದ ಮ್ಯಾನ್ಯುಯಲ್ ತೆಗೆದಳು. ಹೀಗೆ ಎಳೆಯೋದಕ್ಕೆ ಅಂತಲೇ ಹೆಚ್ಚಿನ ಮ್ಯಾನ್ಯುಯಲ್‌ಗಳಲ್ಲಿ ಮಾತಿರುತ್ತೆ, 'ರಿಕ್ರಿಯೇಷನಲ್ ಟೋಯಿಂಗ್' ಅಂತ ಹುಡುಕಬೇಕು. ಸಿಆರ್‌ವಿ ವಿಷಯ ಹೀಗಿದೆ: 2014ರ ಮಾದರಿಯವರೆಗೆ ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಬಹುದಿತ್ತು. 2015ರಲ್ಲಿ ಗೇರ್‌ಬಾಕ್ಸ್ ಬದಲಾಯಿಸಿ ಸಿವಿಟಿ ಹಾಕಿದರು. ಅಲ್ಲಿಂದಾಚೆಗೆ ಎಳೆಯುವ ಹಾಗಿಲ್ಲ. ಹೆಸರು ಅದೇ, ಕಂಪನಿ ಅದೇ, ಕರುಳು ಬೇರೆ. ಅಳಿಯಂದಿರು ನೋಡಿದ 'ಎಷ್ಟೋ ಜನ' ಕಟ್ಟಿಕೊಂಡು ಹೋಗ್ತಿದ್ದದ್ದು ಹಳೇ ಕಾರು.

ಟೆಕ್ಸಾಸ್ ಸೊಸೆಯ ಮಾವನವರೇ, ನೀವು ಮಗನಿಗೆ ಹೇಳಬೇಕಾದ ಮೊದಲ ಮಾತು ಇದೇ. ಕಾರಿನ ಹೆಸರು ನೋಡಬೇಡಿ, ಪಕ್ಕದ ಮನೆಯವರ ಮಾತು ಕೇಳಬೇಡಿ. ಆ ವರ್ಷದ, ಆ ಗೇರ್‌ಬಾಕ್ಸಿನ ಕಾರಿನ ಮ್ಯಾನ್ಯುಯಲ್‌ನಲ್ಲಿ ಆ ಪುಟ ಏನು ಹೇಳುತ್ತೆ, ಅದನ್ನು ನೋಡಿ. ಮಾರುವವನು 'ನ್ಯೂಟ್ರಲ್‌ಗೆ ಹಾಕಿದ್ರೆ ಆಯ್ತು ಸಾರ್' ಅಂದರೆ ನಂಬಬೇಡಿ.

ಹಾಗಾದರೆ ಯಾವ ಕಾರು? ಎರಡು ವಾರ ಮನೆಯಲ್ಲಿ ಇದೇ ಮಾತು, ಹೆಣ್ಣು ನೋಡಿದ ಹಾಗೆ. ಜೀಪ್ ರ‍್ಯಾಂಗ್ಲರ್ ಮೊದಲು ಬಂತು. ಅಮೆರಿಕದ ರಸ್ತೆಯಲ್ಲಿ ಮೋಟರ್‌ಹೋಮ್ ಹಿಂದೆ ಹೆಚ್ಚಾಗಿ ಕಾಣೋದು ಅದೇ. ಅದರಲ್ಲಿ ಗೇರ್‌ಬಾಕ್ಸ್ ಆದ ಮೇಲೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇದೆ, ಅದನ್ನು ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧವೇ ಕಡಿದುಹೋಗುತ್ತೆ. ಆಟೋಮ್ಯಾಟಿಕ್ ಗೇರನ್ನು ಪಾರ್ಕ್‌ನಲ್ಲೇ ಬಿಟ್ಟು ಎಳೆಯೋದು! ನಮ್ಮನೆಯವರಿಗೆ ಇದು ಕೇಳಿ ಮುಖ ಅರಳಿತು. ಆದರೆ ನಾಲ್ಕು ಬಾಗಿಲಿನದು 4,000 ಪೌಂಡ್ ದಾಟುತ್ತೆ, ಮೇಲಾಗಿ ಅದರೊಳಗೆ ಹತ್ತೋಕೆ ನನ್ನ ಮಂಡಿ ಒಪ್ಪಲಿಲ್ಲ. ಕೈಯಲ್ಲಿ ಗೇರ್ ಹಾಕುವ ಕಾರುಗಳಲ್ಲಿ ಬಹಳಷ್ಟು ಎಳೆಯೋಕೆ ಆಗುತ್ತೆ, ಯಾಕೆಂದರೆ ಅಲ್ಲಿ ಹಲ್ಲುಗಳು ತಿರುಗುವಾಗ ತಾವೇ ಆಯಿಲ್ ಚಿಮ್ಮಿಸಿಕೊಳ್ತವೆ, ಪಂಪು ಬೇಕಾಗಿಲ್ಲ. ಅದನ್ನೂ ಪುಟ ನೋಡಿಯೇ ನಂಬಬೇಕು. ಆದರೆ ಮಗಳಿಗೆ ಕ್ಲಚ್ ಮರೆತೇ ಹೋಗಿದೆ. ಅವರ ಬೀದಿಯಲ್ಲಿ ಮನೆಗೊಂದರಂತೆ ನಿಂತಿರುವ ಟೆಸ್ಲಾ ಹೇಗೆ ಅಂದರೆ, ಅದನ್ನು ಚಕ್ರ ನೆಲದ ಮೇಲಿಟ್ಟು ಎಳೆಯಲೇಬಾರದು, ಚಕ್ರದ ಜೊತೆಗೇ ಮೋಟರ್ ತಿರುಗುತ್ತೆ.

ಕೊನೆಗೆ ತಗೊಂಡದ್ದು 2014ರ ಸಿಆರ್‌ವಿ, ಸೆಕೆಂಡ್ ಹ್ಯಾಂಡ್. ತೂಕ ಸುಮಾರು 3,500 ಪೌಂಡ್, ಅಂದರೆ 1,600 ಕಿಲೋ ಹತ್ತಿರ. ನಾನು ಸುಲಭವಾಗಿ ಹತ್ತಿ ಕೂತೆ. ಮೊಮ್ಮಗ ಅದಕ್ಕೆ ಅಲ್ಲೇ 'ಕರು' ಅಂತ ಹೆಸರಿಟ್ಟ.

ತೂಕದ ವಿಷಯ ಸ್ವಲ್ಪ ಹೇಳಲೇಬೇಕು. ಅಳಿಯಂದಿರ ಮೋಟರ್‌ಹೋಮ್ ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದು. ಗಾಡಿಯೂ ಹಿಂದಿನ ಕಾರೂ ಸೇರಿ 22,000 ಪೌಂಡ್ ದಾಟಬಾರದು ಅಂತ ಕಂಪನಿಯ ಲೆಕ್ಕ. ಗಾಡಿ ಒಂದೇ 14,500 ದಾಟಬಾರದು. ಕಾಗದದಲ್ಲಿರುವ ಖಾಲಿ ಗಾಡಿಯ ತೂಕ ಹಿಡಿದು ಲೆಕ್ಕ ಹಾಕಿದರೆ ಮೋಸಹೋಗ್ತೀವಿ. ನೀರಿನ ಟ್ಯಾಂಕ್ ತುಂಬಿ, ಡೀಸೆಲ್ಲೋ ಪೆಟ್ರೋಲೋ ತುಂಬಿಸಿ, ನನ್ನ ಕುಕ್ಕರು, ಅಕ್ಕಿ ಮೂಟೆ, ಒರಳಿನ ಬದಲು ತಂದ ಮಿಕ್ಸಿ, ಮನೆಮಂದಿ ಎಲ್ಲಾ ಹತ್ತಿ, ಲಾರಿಗಳು ನಿಲ್ಲುವ ಕಡೆಯ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆವು. 13,400 ಬಂತು. ಕಳೆದರೆ 8,600 ಉಳಿಯಿತಲ್ಲ ಅಂತ ಅಳಿಯ ಖುಷಿಯಾದರು. ಮಗಳು ಕೆಳಗೆ ಬಗ್ಗಿ ಹಿಂದಿನ ಕೊಂಡಿ ಮೇಲಿನ ಚೀಟಿ ಓದಿದಳು: 5,000. ಇಂಜಿನ್ ಎಷ್ಟು ಎಳೆಯುತ್ತೆ ಅನ್ನೋದು ಬೇರೆ, ಕೊಂಡಿ ಎಷ್ಟು ತಡೆಯುತ್ತೆ ಅನ್ನೋದು ಬೇರೆ. ಎಳೆಯುವ ದಂಡಕ್ಕೂ, ಕಾರಿನ ಮೂತಿಗೆ ಹಾಕುವ ಪ್ಲೇಟಿಗೂ ಅವುಗಳದೇ ಲೆಕ್ಕ ಉಂಟು. ಎಲ್ಲದರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಲೆಕ್ಕ.

ಇನ್ನು ಕಟ್ಟುವ ಸಾಮಾನು. ಇದಕ್ಕೇ ಕಾರಿನ ಬೆಲೆ ಬಿಟ್ಟು ಮೂರ್ನಾಲ್ಕು ಸಾವಿರ ಡಾಲರ್ ಹೋಯಿತು. ಮೊದಲು ಕಾರಿನ ಮುಂದಿನ ಬಂಪರ್ ಬಿಚ್ಚಿ, ಒಳಗಿನ ಫ್ರೇಮಿಗೆ ಬೇಸ್‌ಪ್ಲೇಟ್ ಅನ್ನೋ ಕಬ್ಬಿಣವನ್ನು ಬೋಲ್ಟ್ ಹಾಕಿ ಕೂರಿಸ್ತಾರೆ. ಗ್ಯಾರೇಜಿನಲ್ಲಿ ಇಡೀ ದಿನ ಹಿಡಿಯಿತು. ಅದಕ್ಕೆ 'ಎ' ಆಕಾರದ ಟೋ ಬಾರ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಗಾಡಿಯ ಹಿಂದಿನ ಕೊಂಡಿಗೆ ಹಾಕೋದು. ನೆಲಕ್ಕೆ ಸಮನಾಗಿ, ಹೆಚ್ಚೆಂದರೆ ಮೂರು ನಾಲ್ಕು ಇಂಚು ವ್ಯತ್ಯಾಸದಲ್ಲಿ ಅದು ಇರಬೇಕು. ನಮ್ಮದರಲ್ಲಿ ಗಾಡಿಯ ಕೊಂಡಿ ಎತ್ತರದಲ್ಲಿತ್ತು, ತಗ್ಗಿಸುವ ಇನ್ನೊಂದು ತುಂಡು ಹಾಕಿಸಬೇಕಾಯಿತು. ದಂಡ ಕಳಚಿದರೂ ಕಾರು ಓಡಿಹೋಗದ ಹಾಗೆ ಎರಡು ಉಕ್ಕಿನ ಹಗ್ಗಗಳನ್ನು ಅಡ್ಡಡ್ಡ ಹಾಕ್ತಾರೆ. ಗಾಡಿಯ ಇಂಡಿಕೇಟರ್, ಬ್ರೇಕ್ ದೀಪ ಹತ್ತಿದಾಗ ಕಾರಿನ ಹಿಂದಿನ ದೀಪವೂ ಹತ್ತೋಕೆ ವೈರಿಂಗ್ ಬೇರೆ.

ಬ್ರೇಕಿನ ಹತ್ತಿರ ಬಂದಾಗ ಅಳಿಯಂದಿರಿಗೆ ಖರ್ಚು ಜಾಸ್ತಿಯಾಯಿತು ಅನ್ನಿಸಿತು. "ಗಾಡಿ ಬ್ರೇಕೇ ಇದೆಯಲ್ಲ, ಎರಡನ್ನೂ ನಿಲ್ಲಿಸುತ್ತೆ" ಅಂದರು. ಸಮತಟ್ಟಿನಲ್ಲಿ ನಿಲ್ಲಿಸಬಹುದೇನೋ. ಘಾಟಿ ಇಳಿಯುವಾಗ ಹಿಂದಿನಿಂದ 1,600 ಕಿಲೋ ನೂಕ್ತಾ ಇರುತ್ತಲ್ಲ! ಹಲವು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದರೆ ಹಿಂದಿನದಕ್ಕೂ ಬ್ರೇಕ್ ಇರಲೇಬೇಕು ಅಂತ ಕಾನೂನಿದೆ. ಮಗಳು ಹಟ ಹಿಡಿದು ತರಿಸಿದಳು. ಅದೊಂದು ಪೆಟ್ಟಿಗೆ, ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಕೂರುತ್ತೆ. ಗಾಡಿ ನಿಧಾನಿಸಿದಾಗ ಅದರ ಕೈ ಕಾರಿನ ಬ್ರೇಕ್ ಪೆಡಲನ್ನು ಒತ್ತುತ್ತೆ. ಕಾರೇನಾದರೂ ಪೂರ್ತಿ ಕಳಚಿಕೊಂಡರೆ ಒಂದು ಸಣ್ಣ ತಂತಿ ಕಿತ್ತುಬಂದು, ಪೆಡಲ್ ತಾನಾಗಿ ಅದುಮಿ ಕಾರು ನಿಲ್ಲುತ್ತೆ.

ಇಷ್ಟೆಲ್ಲಾ ಆದ ಮೇಲೆ ಕಟ್ಟುವ ಕ್ರಮ. ಇದನ್ನು ನಾನೇ ಕ್ಯಾಲೆಂಡರ್ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಂಡೆ, ಸತ್ಯನಾರಾಯಣ ಪೂಜೆಗೆ ಸಾಮಾನು ಬರೆದ ಹಾಗೆ. ದಂಡ ಸಿಕ್ಕಿಸಿ ಪಿನ್ನು ಹಾಕು, ಪಿನ್ನಿಗೆ ಕ್ಲಿಪ್ಪು ಹಾಕು. ಹಗ್ಗ, ವೈರು, ಕಿತ್ತುಬರುವ ತಂತಿ. ಆಮೇಲೆ ಕಾರಿನೊಳಗೆ ಕೂತು, ಬ್ರೇಕ್ ಒತ್ತಿ, ಸ್ಟಾರ್ಟ್ ಮಾಡಿ, ಗೇರ್ ಕಡ್ಡಿಯನ್ನು ಎಲ್ಲಾ ಮನೆಗಳಲ್ಲೂ ಓಡಾಡಿಸಿ, ಡಿ ಯಲ್ಲಿ 5 ಸೆಕೆಂಡ್ ನಿಲ್ಲಿಸಿ, ಅಲ್ಲಿಂದ ಎನ್‌ಗೆ ತರಬೇಕು. ಎನ್‌ನಲ್ಲಿ 3 ನಿಮಿಷ ಇಂಜಿನ್ ಓಡಬೇಕು. ಆಮೇಲೆ ಆಫ್ ಮಾಡಿ, ಕೀಲಿಯನ್ನು ಸ್ಟೇರಿಂಗ್ ಲಾಕ್ ಆಗದ ಹಾಗೆ ಒಂದು ಮನೆ ಮುಂದಿಟ್ಟು, ಹ್ಯಾಂಡ್‌ಬ್ರೇಕ್ ಇಳಿದಿದೆಯಾ ನೋಡಿ ಇಳಿಯಬೇಕು. ಕೀಲಿ ಒಳಗೇ ಇರೋದರಿಂದ ಬಾಗಿಲು ಹಾಕೋಕೆ ಎರಡನೇ ಕೀಲಿ ಜೇಬಿನಲ್ಲಿರಬೇಕು, ಇದನ್ನು ಯಾರೂ ನಮಗೆ ಹೇಳಿರಲಿಲ್ಲ. 8 ಗಂಟೆಗಿಂತ ಹೆಚ್ಚು ಎಳೆಯೋದಾದರೆ ಮಧ್ಯೆ ನಿಲ್ಲಿಸಿ ಇಂಜಿನ್ ವಿಧಿಯನ್ನೆಲ್ಲಾ ಮತ್ತೆ ಮಾಡಬೇಕು. ಗಂಟೆಗೆ 65 ಮೈಲಿ ದಾಟಬಾರದು. ಕ್ಯಾಲಿಫೋರ್ನಿಯಾದಲ್ಲಂತೂ ಏನನ್ನಾದರೂ ಎಳೆಯುವ ಗಾಡಿಗೆ 55ರ ಮಿತಿ.

ಈ ವಿಧಿಯಲ್ಲಿ ಒಂದು ನಿಷೇಧ ಇದೆ. ರಿವರ್ಸ್‌ನಿಂದ ನೇರ ನ್ಯೂಟ್ರಲ್‌ಗೆ ತಂದು ಆಫ್ ಮಾಡಬಾರದು, ಡಿ ಯಿಂದಲೇ ಬರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಹಾಳಾಗಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಎಚ್ಚರಿಕೆ. ನಾನು ಅದನ್ನು ಹಾಳೆಯಲ್ಲಿ ಬರೆದುಕೊಂಡಿರಲಿಲ್ಲ. ಮಾಡಬೇಕಾದ್ದು ಬರೆದೆ, ಮಾಡಬಾರದ್ದು ಬರೆಯಲಿಲ್ಲ.

ಮೊದಲ ರಾತ್ರಿ ನೆವಾಡದ ವಿನೆಮುಕ್ಕಾದಲ್ಲಿ ತಂಗಿದೆವು. ಬೆಳಗ್ಗೆ ಹಾಲು ತರೋಕೆ ಕಾರು ಬಿಚ್ಚಿದ್ದರು. ವಾಪಸ್ ಬಂದು ಕಟ್ಟುವಾಗ ಅಳಿಯ ಕಾರನ್ನು ಸ್ವಲ್ಪ ಜಾಸ್ತಿ ಮುಂದೆ ತಂದರು, ಆಮೇಲೆ ಒಂದಡಿ ಹಿಂದೆ ಸರಿಸಿದರು. ಹೊರಡೋ ಆತುರ, ಬಿಸಿಲು ಏರ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಹಾಳೆ ಓದಿದೆ. ಪಿನ್ನು? "ಆಯ್ತು ಅತ್ತೆ." ಹಗ್ಗ? "ಆಯ್ತು." ನ್ಯೂಟ್ರಲ್? "ಆಯ್ತು ಅತ್ತೆ, ಆಫೂ ಮಾಡಿದೆ." ನಮ್ಮನೆಯವರು ಕಾರಿನ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಏನೋ ಹೇಳಬೇಕು ಅನ್ನೋ ಹಾಗಿತ್ತು. ನನಗೆ ತಿಳಿಯಲಿಲ್ಲ. ಸುಮ್ಮನೆ ಬಂದು ಒಳಗೆ ಕೂತರು.

ಗಾಡಿ ಹೊರಟಿತು. ಕ್ಯಾಂಪಿನ ಗೇಟಿನವರೆಗೂ ಬಂದಿರಲಿಲ್ಲ, ಇವರು ಎದ್ದುನಿಂತರು. ಅಲ್ಲಾಡುವ ಗಾಡಿಯಲ್ಲಿ, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ ಅಡುಗೆಕಟ್ಟೆ ಹಿಡಿದುಕೊಂಡು ಮುಂದೆ ಹೋಗಿ, "ಅಳಿಯಂದ್ರೇ, ನಿಲ್ಲಿಸಿ" ಅಂದರು. ಸಣ್ಣ ದನಿಯಲ್ಲಲ್ಲ. ಡಿಪೋದಲ್ಲಿ ಹುಡುಗರಿಗೆ ಹೇಳ್ತಿದ್ದ ದನಿ ಅದು. ಮೊಮ್ಮಗ ಕೈಯಲ್ಲಿದ್ದ ಬಿಸ್ಕತ್ತು ಹಾಗೇ ಹಿಡಿದುಕೊಂಡ.

"ಹಿಂದೆ ತಗೊಂಡ್ರಲ್ಲ, ಅಲ್ಲಿಂದ ನೇರ ನ್ಯೂಟ್ರಲ್ ಹಾಕಿದ್ರಿ. ಡಿ ಗೆ ಹಾಕಲಿಲ್ಲ. ಇಂಜಿನ್ನೂ ಮೂರು ನಿಮಿಷ ಓಡಲಿಲ್ಲ."

ಅಳಿಯ ಗಾಡಿ ನಿಲ್ಲಿಸಿ, ಇಳಿದು ಹೋಗಿ, ಮಾತಾಡದೆ ಎಲ್ಲಾ ಮೊದಲಿಂದ ಮಾಡಿದರು. ಮೂರು ನಿಮಿಷ ಇಂಜಿನ್ ಓಡುವಷ್ಟು ಹೊತ್ತು ಮಾವ ಅಳಿಯ ಇಬ್ಬರೂ ಆ ಬಯಲಿನಲ್ಲಿ ಕಾರಿನ ಎರಡು ಪಕ್ಕ ನಿಂತಿದ್ದರು. ಕಿಟಕಿಯಿಂದ ನೋಡ್ತಿದ್ದ ನನಗೆ ಎದೆ ಡವಡವ. ಆಮೇಲೆ ಅಳಿಯ ಏನೋ ಕೇಳಿದರು. ಇವರು ಬಗ್ಗಿ ನೆಲದ ಮೇಲೆ ಕಡ್ಡಿಯಲ್ಲಿ ಏನೋ ಬರೆದು ತೋರಿಸಿದರು, ಆ ಪಂಪಿನ ಕಥೆಯೇ ಇರಬೇಕು. ಒಳಗೆ ಬಂದು ಕೂರುವಾಗ ಅಳಿಯ ಅಂದ ಮಾತು ಇಷ್ಟೇ: "ಮಾವ, ಇದೆಲ್ಲಾ ಫ್ರೀಮಾಂಟ್‌ನಲ್ಲೇ ಹೇಳಬಹುದಿತ್ತಲ್ಲ ನೀವು?"

"ನೀವು ಕೇಳಲಿಲ್ಲ" ಅಂದರು ಇವರು.

ಅಲ್ಲಿಂದ ಮುಂದೆ ಆ ಕಾರು ಇವರ ಜವಾಬ್ದಾರಿ. ಕಟ್ಟಿದ ಮೇಲೆ ಹತ್ತಡಿ ಮುಂದೆ ತಗೊಳ್ಳಿ ಅಂತ ಹೇಳಿ, ಹಿಂದೆ ನಡೆಯುತ್ತಾ ಕಾರಿನ ನಾಲ್ಕೂ ಚಕ್ರ ತಿರುಗ್ತಿವೆಯಾ, ಮುಂದಿನ ಚಕ್ರ ಗಾಡಿ ತಿರುಗಿದ ಕಡೆಗೇ ತಿರುಗ್ತಾ ಇದೆಯಾ ನೋಡೋರು. ಹತ್ತು ಹದಿನೈದು ಮೈಲಿ ಆದ ಮೇಲೆ ನಿಲ್ಲಿಸಿಸಿ ಒಂದೊಂದು ಚಕ್ರದ ಹತ್ತಿರಕ್ಕೂ ಕೈಯ ಹಿಂಭಾಗ ತಂದು ನೋಡೋರು, ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಅಂತ ಅರ್ಥ. ನನ್ನ ಹಾಳೆಯಲ್ಲಿ ರಿವರ್ಸ್ ಸಾಲನ್ನು ಕೆಂಪು ಪೆನ್ನಿನಲ್ಲಿ ಅವರೇ ಬರೆದರು.

ರಿವರ್ಸ್ ಅಂದಾಗ ನೆನಪಾಯಿತು, ಕಾರು ಕಟ್ಟಿಕೊಂಡಾಗ ಗಾಡಿಯನ್ನೂ ಹಿಂದೆ ತಗೊಳ್ಳುವ ಹಾಗಿಲ್ಲ. ಹಿಂದೆ ತಗೊಂಡರೆ ಕಾರಿನ ಮುಂದಿನ ಚಕ್ರ ತಮಗೆ ಬೇಕಾದ ಕಡೆ ತಿರುಚಿಕೊಂಡು ದಂಡ ಬಾಗಿಹೋಗುತ್ತೆ. ಐಡಾಹೋದ ಒಂದು ಪೆಟ್ರೋಲ್ ಬಂಕಿನಲ್ಲಿ ಮುಂದೆ ದಾರಿ ಇಲ್ಲದೆ ಸಿಕ್ಕಿಕೊಂಡೆವು. ಅಲ್ಲೇ ಬಿಚ್ಚಬೇಕು. ಗಾಡಿ ಓರೆಯಾಗಿ ನಿಂತಿದ್ದರಿಂದ ಪಿನ್ನು ಬಿಗಿದು ಬರಲೇ ಇಲ್ಲ. ಹಿಂದೆ ಲಾರಿಯವನು ಕಾಯ್ತಿದ್ದಾನೆ, ಮಗಳು ಕಾರಿನಲ್ಲಿ ಕೂತು ಎರಡಿಂಚು ಆಡಿಸಿದಳು, ಮಾವ ಅಳಿಯ ಸೇರಿ ಸುತ್ತಿಗೆಯಲ್ಲಿ ತಟ್ಟಿ ಕಿತ್ತರು. ಆಮೇಲಿಂದ ಬಂಕು ಕಂಡರೆ ಮೊದಲು ಹೊರಗೆ ಹೋಗೋ ದಾರಿ ಯಾವುದು ಅಂತ ನೋಡೋದು ನನ್ನ ಕೆಲಸವಾಯಿತು. ಗ್ಲೇಷಿಯರ್‌ನಲ್ಲಿ ಕರು ನಮ್ಮನ್ನೆಲ್ಲಾ ಕೂರಿಸಿಕೊಂಡು ಆ ಘಾಟಿ ಹತ್ತಿತು. ಅಲ್ಲಿನ ಹಿಮ, ಹೊಳೆ, ಮೇಕೆಗಳ ವಿಷಯ ಇನ್ನೊಂದು ಸಲ ಬರೀತೀನಿ.

ಇದನ್ನೆಲ್ಲಾ ಇಲ್ಲೇ ಮಾಡಬಹುದಾ ಅಂತ ಒಬ್ಬರು ಕೇಳಿದ್ದಾರೆ. ಆಗೋದಿಲ್ಲ. ನಮ್ಮ ರಸ್ತೆ ನಿಯಮದಲ್ಲಿ ಕೆಟ್ಟುನಿಂತ ವಾಹನವನ್ನು ಹತ್ತಿರದ ಗ್ಯಾರೇಜಿಗೋ ಬಂಕಿಗೋ ಎಳೆದುಕೊಂಡು ಹೋಗೋದಕ್ಕೆ ಅವಕಾಶ ಉಂಟು. ಅದೂ ಎರಡರ ನಡುವೆ 5 ಮೀಟರ್ ಒಳಗೆ ಅಂತರ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ. ಚೆನ್ನಾಗಿರುವ ಕಾರನ್ನು ಹಿಂದೆ ಕಟ್ಟಿಕೊಂಡು ಮಡಿಕೇರಿಗೆ ಹೊರಡೋ ಹಾಗಿಲ್ಲ. ಊರಿಗೆ ಬಂದ ಮೇಲೆ ಒಂದು ಸಂಜೆ ಮಾರುತಿ ಮಂದಿರದ ಹತ್ತಿರ ಕೆಟ್ಟ ಆಟೋ ಒಂದನ್ನು ಹಿಂದಿನ ಆಟೋದವನು ಕಾಲು ಚಾಚಿ ತಳ್ಳಿಕೊಂಡು ಹೋಗ್ತಿದ್ದ. ಇವರು ತರಕಾರಿ ಚೀಲ ಹಿಡಿದು ನಿಂತುಬಿಟ್ಟರು. ಆ ಎರಡು ಆಟೋ ಸಿಗ್ನಲ್ ದಾಟಿ ಹೋಗುವವರೆಗೂ ನೋಡಿ, "ಬ್ರೇಕ್ ಯಾರದ್ದು ಕೇಳು" ಅಂದರು.

ಹೋದ ಭಾನುವಾರ ಅಳಿಯ ಫೋನ್ ಮಾಡಿದ್ದರು. ನನಗಲ್ಲ, ಇವರಿಗೆ. ಕರುವಿಗೆ ವಯಸ್ಸಾಯಿತು, ಒಂದು ಹೈಬ್ರಿಡ್ ಕಾರು ನೋಡಿದ್ದೀನಿ, ಅದನ್ನು ಎಳೆಯಬಹುದು ಅಂತ ಮಾರುವವರು ಹೇಳ್ತಿದ್ದಾರೆ ಮಾವ, ಏನಂತೀರಿ ಅಂತ. ಇವರು ಕನ್ನಡಕ ಹುಡುಕುತ್ತಾ, "ಆ ಪುಟದ ಫೋಟೋ ತೆಗೆದು ಕಳಿಸಿ ಅಳಿಯಂದ್ರೇ, ಓದ್ತೀನಿ" ಅಂದರು. ಇನ್ನೂ ಓದ್ತಾ ಇದ್ದಾರೆ.